ರಸ್ತೆ ದಾಟಿದ ಇಡ್ಲಿ ಗಾಡಿ

ವಿದೇಶಿ ಮೊಬೈಲ್ ಕಾರ್ಖಾನೆಯ ಗೇಟಿನೆದುರು ಮುನಿರತ್ನಮ್ಮನ ಇಡ್ಲಿ ಗಾಡಿ. ಒಂದು ಬೆಳಿಗ್ಗೆ ಪಂಚಾಯಿತಿಯ ವಸೂಲಿಗಾರ ಚೌಡಪ್ಪ ಬಂದು ಗದರಿದ: “ಸುಂಕ ಕಟ್ಟು, ಇಲ್ಲಾಂದ್ರೆ ಗಾಡಿ ಎತ್ತಿಸ್ತೀನಿ!”

“ಅಷ್ಟು ದೊಡ್ಡ ಕಾರ್ಖಾನೆಗೆ ತೆರಿಗೆ ಮಾಫಿ ಯಾಕಣ್ಣಾ?”

“ಮಾಡದಿದ್ರೆ ಅವರು ಪಕ್ಕದ ರಾಜ್ಯಕ್ಕೆ ಹೋಗ್ತಾರೆ. ಜನಕ್ಕೆ ಕೆಲಸ ಕೊಡೋರು ಅವರು. ನೀನು ಯಾರಿಗೆ ಕೊಟ್ಟಿದ್ದೀಯ?”

“ನನ್ನ ಗಂಡನಿಗೆ. ತಟ್ಟೆ ತೊಳೀತಾನೆ.”

ರಸ್ತೆಯಾಚೆ ಬೇರೆ ಪಂಚಾಯಿತಿ. ಮುನಿರತ್ನಮ್ಮ ಸೆರಗು ಸಿಕ್ಕಿಸಿ ಗಾಡಿಯನ್ನು ಅತ್ತ ದೂಡಿಯೇಬಿಟ್ಟಳು. ಟೀ, ಬೋಂಡಾ, ಬಾಳೆಹಣ್ಣಿನ ಗಾಡಿಗಳೂ ಬೆನ್ನಿಗೇ ಹೊರಟವು. ತನ್ನ ಸುಂಕವೆಲ್ಲ ರಸ್ತೆ ದಾಟುವುದನ್ನು ಕಂಡು ಚೌಡಪ್ಪನ ಜಂಭ ಜರ್ರನೆ ಇಳಿಯಿತು. ಓಡಿಬಂದು ಗಾಡಿ ಹಿಡಿದುಕೊಂಡ.

“ನಿಲ್ಲಕ್ಕಾ, ನಿಮಗೂ ಮಾಫಿ! ವಾಪಸ್ ಬನ್ನಿ!”

“ಕಾರ್ಖಾನೆಗೆ ನೀರೂ ಪುಕ್ಕಟೆ ಕೊಟ್ಟಿದ್ದೀರಲ್ಲಣ್ಣಾ?” ಎಂದು ಮುನಿರತ್ನಮ್ಮ ಖಾಲಿ ಕೊಡ ಚಾಚಿದಳು.

ಚೌಡಪ್ಪ ಕೊಡ ಹೊತ್ತು ನಲ್ಲಿಯತ್ತ ಓಡಿದ.