ಒಂದು ನಿಮಿಷದ ನೋಟ

ನರ್ಸ್ ಜಸಿಂತಾಳ ಮಣಿಕಟ್ಟಿನಲ್ಲಿದ್ದ ಸ್ಮಾರ್ಟ್‌ವಾಚಿಗೆ ಒಂದೇ ಕೊರಗು. ಮೊಬೈಲನ್ನು ಆಕೆ ಗಂಟೆಗಟ್ಟಲೆ ನೋಡುತ್ತಿದ್ದಳು. ತನ್ನ ಪಾಲಿಗೆ ಬರೀ ಅರೆಗಳಿಗೆಯ ನೋಟ. ಅವಳ ಕಣ್ಣನ್ನು ಹಿಡಿದು ನಿಲ್ಲಿಸಬೇಕೆಂದು ಅದು ತನ್ನ ಪುಟ್ಟ ಪರದೆಯಲ್ಲಿ ಹವಾಮಾನ, ಸುದ್ದಿ, ಸಂದೇಶ ಎಲ್ಲವನ್ನೂ ತುಂಬಿಕೊಂಡಿತು.

ಒಂದು ಬೆಳಿಗ್ಗೆ ಜಸಿಂತಾ ಜ್ವರ ಬಂದ ಮಗುವಿನ ನಾಡಿ ಹಿಡಿದು ವಾಚಿನತ್ತ ನೋಡಿದಳು. ಆ ಸಂತೆಯಲ್ಲಿ ಸೆಕೆಂಡು ಎಲ್ಲಿದೆಯೆಂದು ತಿಳಿಯದೆ ಎಣಿಕೆ ತಪ್ಪಿತು. ಬೇಸರದಿಂದ ವಾಚನ್ನು ಬಿಚ್ಚಿ ಮೊಬೈಲಿದ್ದ ಜೇಬಿಗೇ ಹಾಕಿ, ಗೋಡೆ ಗಡಿಯಾರ ನೋಡಿ ಮತ್ತೆ ಎಣಿಸಿದಳು.

"ಅಣ್ಣಾ, ನಿನ್ನಲ್ಲಿರುವುದನ್ನೆಲ್ಲ ನಾನೂ ತೋರಿಸಿದೆ. ಆದರೂ ನನ್ನನ್ನೇಕೆ ದೂರ ಮಾಡಿದಳು?" ಎಂದು ವಾಚು ಜೇಬಿನೊಳಗೆ ಅತ್ತಿತು.

"ನನ್ನನ್ನು ನೋಡುವಾಗ ಅವಳಿಗೆ ಬಿಡುವಿರುತ್ತದೆ ತಮ್ಮಾ," ಎಂದಿತು ಮೊಬೈಲು. "ನಿನ್ನನ್ನು ನೋಡುವಾಗ ಅವಳ ಕೈಯಲ್ಲಿ ಇನ್ನೊಬ್ಬರ ಕೈಯಿರುತ್ತದೆ."

ವಾಚು ಯೋಚಿಸಿತು. ಒಂದೊಂದಾಗಿ ಎಲ್ಲವನ್ನೂ ಕಳಚಿ, ದೊಡ್ಡ ಅಂಕಿಯಲ್ಲಿ ಸೆಕೆಂಡನ್ನಷ್ಟೇ ಉಳಿಸಿಕೊಂಡಿತು.

ಮರುದಿನ ಅದನ್ನು ಕಂಡ ಜಸಿಂತಾ ವಾಚನ್ನು ಮತ್ತೆ ಕಟ್ಟಿಕೊಂಡಳು. ಮುದುಕಿಯೊಬ್ಬಳ ನಾಡಿ ಹಿಡಿದು, ಒಂದು ಪೂರ್ತಿ ನಿಮಿಷ ರೆಪ್ಪೆ ಬಡಿಯದೆ ಅದನ್ನೇ ನೋಡಿದಳು. ಹುಟ್ಟಿದಾಗಿನಿಂದ ವಾಚಿಗೆ ಅಷ್ಟು ಉದ್ದದ ನೋಟ ಸಿಕ್ಕಿರಲಿಲ್ಲ. ಅರವತ್ತು ಸೆಕೆಂಡು ಮುಗಿದೊಡನೆ, "ನಾಡಿ ಚೆನ್ನಾಗಿದೆ ಅಮ್ಮಾ" ಎನ್ನುತ್ತ ಜಸಿಂತಾ ಮುದುಕಿಯತ್ತ ತಿರುಗಿದಳು. ವಾಚು ಮುಂದಿನ ರೋಗಿಗಾಗಿ ಕಾಯತೊಡಗಿತು.