ದೇಮಿಯ ಎಲೆಬಂಡೆ

ತೋರಗಡ್ಡೆ ಎಂಬ ನಡುಗಡ್ಡೆಯ ಮೂಡಣ ತುದಿಯಲ್ಲಿ, ದೋಣಿ ಹತ್ತುವ ದಕ್ಕೆಗೆ ಕೂಗಳತೆಯಲ್ಲಿ, ಎರಡಾಳೆತ್ತರದ ಕರಿಬಂಡೆಯೊಂದಿದೆ. ಅದರ ಮೈಮೇಲೆ ವೀಳ್ಯದ ಬಳ್ಳಿ ಹಬ್ಬಿದೆ, ಬುಡದ ಸುತ್ತ ನೆಲ ಬಟ್ಟಲಿನಂತೆ ಸವೆದಿದೆ. ಎಲೆಗೆ ಉಪ್ಪುಗಾಳಿ ಆಗದು ಎಂದು ತೋಟಗಾರರು ಹೇಳುವುದು ನಿಜವೇ. ಆದರೆ ಬಂಡೆಯ ಬೆನ್ನು ಗಾಳಿಯನ್ನು ತಡೆಯುತ್ತದೆ, ಅಡಿಯಲ್ಲಿ ಬೆರಳ ಗಾತ್ರದ ಸಿಹಿನೀರಿನ ಒರತೆಯೂ ಇದೆ. ಮದುವೆ ನೋಂದಣಿಗೆಂದು ಯಂತ್ರದೋಣಿ ಹತ್ತಿ ತಾಲೂಕು ಕಚೇರಿಗೆ ಹೊರಡುವ ಜೋಡಿಗಳು ಇಂದಿಗೂ ಇಲ್ಲಿ ನಿಂತು ಒಂದು ಎಲೆ ಕಿತ್ತು ಕಾಗದಪತ್ರದ ಚೀಲದೊಳಗೆ ಇಟ್ಟುಕೊಳ್ಳುತ್ತಾರೆ. ಈ ಬಂಡೆಗೆ ಎಲೆಬಂಡೆ ಎಂದು ಹೆಸರು ಬಂದದ್ದು ದೇಮಿ ಎಂಬ ಹೆಣ್ಣಿನಿಂದ ಎನ್ನುತ್ತಾರೆ.

ಹಿಂದೆ ಒಮ್ಮೆ, ಹಾಯಿದೋಣಿಗಳ ಕಾಲದಲ್ಲಿ, ಈ ಗಡ್ಡೆಯವರು ತಮ್ಮಿಷ್ಟಕ್ಕೆ ಮದುವೆಯಾಗುವಂತಿರಲಿಲ್ಲ. ಕಡಲಿನಾಚೆ ಹೊಳೆಬಾಯಿಯ ದಡದಲ್ಲಿದ್ದ ಸೀಮೆಯ ಒಡೆಯನ ಅಪ್ಪಣೆ ಬೇಕಿತ್ತು. ಅಪ್ಪಣೆಯೆಂದರೆ ಓಲೆಯಲ್ಲ, ಮುದ್ರೆಯಲ್ಲ. ಒಡೆಯ ತನ್ನ ಅಂಗಳದ ಬಳ್ಳಿಯಿಂದ ಕೈಯಾರೆ ಕಿತ್ತುಕೊಟ್ಟ ಒಂದು ವೀಳ್ಯದೆಲೆ. ಅದು ಹಸಿರಾಗಿಯೇ ಗಡ್ಡೆ ಸೇರಬೇಕು. ಬಾಡಿ ಬಂದರೆ ದೈವಕ್ಕೆ ಮನಸ್ಸಿಲ್ಲವೆಂದು ಅರ್ಥ, ಮೂರು ಸಲ ಬಾಡಿದರೆ ಆ ಸಂಬಂಧ ಅಲ್ಲಿಗೆ ಮುಗಿಯಿತು. ಕಡಲು ಒಲಿದರೆ ಒಂದು ಹಗಲಿನ ದಾರಿ, ಮುನಿದರೆ ನಾಲ್ಕು ದಿನದ್ದು. ಕಟ್ಟಳೆ ಮಾಡಿದವರು ದಡದಲ್ಲಿ ಕೂತು ಮಾಡಿದ್ದರು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೇಮಿಯನ್ನು ಕುಪ್ಪನೆಂಬ ಬಲೆಗಾರನಿಗೆ ಕೊಡುವುದೆಂದು ಮಾತಾಗಿತ್ತು. ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು ಎಂಬಂತೆ, ಕುಪ್ಪ ಮಾತಾದ ಮರುದಿನವೇ ದೋಣಿ ನೂಕಿದ. ಎಲೆಯೂ ಸಿಕ್ಕಿತು. ಕಡಲಲ್ಲಿ ಹುಟ್ಟಿದವನಿಗೆ ಒದ್ದೆ ಎಂದರೆ ಕಡಲ ನೀರೇ. ಬಲೆಯನ್ನು ನೆನೆಸುವ ಹಾಗೆ ಬಟ್ಟೆಯನ್ನು ಉಪ್ಪುನೀರಲ್ಲಿ ಅದ್ದಿ, ಎಲೆಯನ್ನು ಅದರಲ್ಲಿ ಸುತ್ತಿ, ಬಲು ಜೋಪಾನವಾಗಿ ತಂದ. ಬಿಚ್ಚಿದಾಗ ಅದು ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿತ್ತು. ಎರಡನೆಯ ಸಲ ಸಿಹಿನೀರಿನ ಮಡಕೆಯನ್ನೇ ಒಯ್ದ. ನಡುಗಡಲಲ್ಲಿ ಗಾಳಿ ಸತ್ತು ದೋಣಿ ಮೂರು ದಿನ ನಿಂತಿತು. ಕುಡಿಯುವ ನೀರನ್ನೆಲ್ಲ ಎಲೆಗೆ ಚಿಮುಕಿಸಿ, ತುಟಿ ಒಡೆದುಕೊಂಡು ಬಂದ. ಎಲೆ ಹಳದಿಯಾಗಿತ್ತು.

ಅಷ್ಟೂ ದಿನ ದೇಮಿ ಈ ಬಂಡೆಯನ್ನು ಸುತ್ತುತ್ತಿದ್ದಳು. ಕೂತರೆ ಕಡಲು ಕಾಣದು, ನಿಂತರೆ ಕಾಲು ಕೇಳದು. ಮೀನು ಒಣಗಿಸಲು ಹರವಿದವಳು ಅರ್ಧಕ್ಕೇ ಬಿಟ್ಟು ಓಡಿಬರುತ್ತಿದ್ದಳು. ಬೆಕ್ಕುಗಳಿಗೆ ಆ ವರ್ಷ ಸುಗ್ಗಿ. ಉಳಿದಿದ್ದುದು ಒಂದೇ ಎಲೆ, ಮಳೆ ಹಿಡಿದು ಕಡಲು ಮುಚ್ಚಲು ಹತ್ತೇ ದಿನ. ಕುಪ್ಪ ಮೂರನೆಯ ಸಲ ಹೊರಟಾಗ ಅವಳು ಯಾರನ್ನೂ ಕೇಳದೆ ದೋಣಿಯಲ್ಲಿ ಕೂತಳು. ಹೆಣ್ಣು ಅಪ್ಪಣೆ ಕೇಳಲು ಹೋದದ್ದುಂಟೇ ಎಂದು ದಕ್ಕೆಯ ಮೇಲೆ ಗಲಾಟೆಯೆದ್ದಿತು. ದೋಣಿ ಆಗಲೇ ಆಳಕ್ಕೆ ಸರಿದಿತ್ತು.

ಒಡೆಯ ಕೆಟ್ಟವನಲ್ಲ. ತೋರಗಡ್ಡೆಯನ್ನು ಕಂಡವನಲ್ಲ, ಅಷ್ಟೆ. ಎಂದಿನಂತೆ ಎಲೆ ಕಿತ್ತು ಚಾಚಿದ. ದೇಮಿ ಕೈ ನೀಡಲಿಲ್ಲ.

"ಎಲೆ ಬ್ಯಾಡ ಒಡೆಯಾ. ನಿಮ್ಮ ಅಂಗಳದಲ್ಲಿ ಹಸ್ರು ಇದ್ದದ್ದು ನಮ್ಮ ಕಡಲಲ್ಲಿ ಇರೂದಿಲ್ಲ. ಬಳ್ಳಿ ಕೊಡಿ."

ಬಳ್ಳಿಯನ್ನೇ ಕೊಟ್ಟರೆ ನಾಳೆ ತನ್ನ ಅಂಗಳಕ್ಕೆ ಬರುವವರು ಯಾರು ಎಂದು ಒಡೆಯ ಕೇಳಿದ.

"ನಾವೇ ಬತ್ತೇವು. ಮೀನು ತಕಂಡು, ಮಕ್ಕಳ ಕರ್ಕಂಡು ಬತ್ತೇವು. ಬೇಡೂಕೆ ಬರೂದೊಂದು ತಪ್ತದೆ."

ಒಡೆಯ ಚಾಚಿದ್ದ ಎಲೆಯನ್ನು ಕೆಳಗಿಟ್ಟು ಬಳ್ಳಿಯ ಬಳಿಗೆ ನಡೆದ. ಮೂರು ಎಲೆಯಿದ್ದ ಗೇಣುದ್ದದ ಹಂಬನ್ನು ತಾನೇ ಮುರಿದು, ಅಂಗಳದ ಮಣ್ಣು ತುಂಬಿದ ಗಡಿಗೆಯಲ್ಲಿ ಊರಿ ಕೊಟ್ಟ ಎನ್ನುತ್ತಾರೆ.

ಮರಳುವಾಗ ಗಾಳಿ ಎದುರಾಯಿತು. ದೇಮಿ ಗಡಿಗೆಯನ್ನು ಸೆರಗಿನಲ್ಲಿ ಮುಚ್ಚಿ ಮಡಿಲಲ್ಲಿಟ್ಟುಕೊಂಡಳು. ಎರಡನೆಯ ದಿನ ಒಂದು ಎಲೆ ಉದುರಿತು, ಮೂರನೆಯ ದಿನ ಇನ್ನೊಂದು. ದಕ್ಕೆ ಕಾಣುವ ಹೊತ್ತಿಗೆ ಕೊನೆಯದೂ ಜೋತುಬಿದ್ದು ಕಂದಿಹೋಗಿತ್ತು. ಗಡ್ಡೆಯ ಹಿರಿಯನನ್ನು ಬುಧವಂತ ಎಂದು ಕರೆಯುವುದು ವಾಡಿಕೆ. ಆ ಮುದುಕ ಎಲೆಯನ್ನು ಮುಟ್ಟಿ ನೋಡಿ ತಲೆಯಾಡಿಸಿದ. ಕುಪ್ಪ ಎಲ್ಲರೆದುರಿಗೇ ಅತ್ತುಬಿಟ್ಟ.

"ಬಾಡಿದ್ದು ಎಲೆ," ಎಂದಳು ದೇಮಿ. "ಒಡೇರು ಕೊಟ್ಟದ್ದು ಬಳ್ಳಿ. ಅದು ಬಾಡಿದ್ದು ಯಾರು ಕಂಡಿದ್ದಾರೆ?"

ಮೊದಲ ಮಳೆಯವರೆಗೆ ಕಾಯೋಣ, ಅಷ್ಟರಲ್ಲಿ ಬಳ್ಳಿ ಚಿಗುರದಿದ್ದರೆ ಸಂಬಂಧ ಮುರಿದಂತೆ ಎಂದ ಬುಧವಂತ. ಅವಳು ಹಂಬನ್ನು ಬಂಡೆಯಡಿಯ ಒರತೆಯ ಬಳಿ ಊರಿ ಮತ್ತೆ ಸುತ್ತತೊಡಗಿದಳು. ಈ ಸಲ ಕಡಲನ್ನು ನೋಡಲಿಲ್ಲ, ನೆಲವನ್ನೇ ನೋಡಿದಳು. ಊರೆಲ್ಲ ಬೇಡುವ ಮಳೆಯನ್ನು ಅವಳೊಬ್ಬಳು ಇನ್ನೊಂದು ದಿನ, ಇನ್ನೊಂದೇ ದಿನ ಎಂದು ತಡೆಯುತ್ತಿದ್ದಳು. ಐದನೆಯ ದಿನ ಮೊದಲ ಹನಿಗಳು ಬಿದ್ದವು. ಬುಧವಂತ ತಲೆಬೆನ್ನು ಮುಚ್ಚುವ ಗೊರಬು ಹೊದ್ದು ಬಂದು, ಮಂಡಿಯೂರಿ, ಹಂಬಿನ ಗಿಣ್ಣನ್ನು ಬೆರಳಿನಿಂದ ಸವರಿದ. ಅಕ್ಕಿಕಾಳಿನಷ್ಟು ಹಸಿರು ಇಣುಕಿತ್ತು.

ತೋರಗಡ್ಡೆಯಲ್ಲಿ ಮಳೆಗಾಲದಲ್ಲಿ ನಡೆದ ಮೊದಲ ಮದುವೆ ಅದು. ಮರುವರ್ಷ ಮತ್ತೊಂದು ಜೋಡಿ ಅಪ್ಪಣೆ ಬೇಡಿ ದೇಮಿಯ ಬಾಗಿಲಿಗೇ ಬಂದು ತಲೆತಗ್ಗಿಸಿ ನಿಂತಿತು. ಒಂದು ಗಳಿಗೆ ಅವಳಿಗೂ ಒಡೆಯನ ಗತ್ತು ರುಚಿಸಿತಂತೆ. ಮರುಗಳಿಗೆಯೇ ಅವರಿಬ್ಬರ ನಿಂತಲ್ಲಿ ನಿಲ್ಲದ ಕಾಲುಗಳು ಕಣ್ಣಿಗೆ ಬಿದ್ದವು.

"ನನ್ನ ಕೇಳೂದು ಎಂತಕ್ಕೆ? ಬಳ್ಳಿ ಅಲ್ಲೇ ಅದೆ. ಹೋಗಿ ಕಿತ್ಕಣಿ," ಎಂದಳು.

ಇಂದಿಗೂ ಆ ಬಳ್ಳಿಗೆ ಬೇಲಿಯಿಲ್ಲ, ಕಾವಲಿಲ್ಲ. ನೋಡಲು ಬಂದವರು ಸವೆದ ನೆಲದಲ್ಲಿ ಒಂದು ಸುತ್ತು ನಡೆಯುತ್ತಾರೆ. ತಾಲೂಕು ಕಚೇರಿಯಲ್ಲಿ ಇಂದು ಸಾಹೇಬರಿಲ್ಲ, ನಾಳೆ ಬನ್ನಿ ಎನ್ನುವುದು ನಿಂತಿಲ್ಲ, ಚೀಲದಲ್ಲಿ ಎಲೆ ಬಾಡುವುದೂ ನಿಂತಿಲ್ಲ. ಬರಿಗೈಯಲ್ಲಿ ಮರಳಿದ ಜೋಡಿ ದಕ್ಕೆಯಲ್ಲಿ ಇಳಿದು ಬಂಡೆಯ ಬಳಿ ಬರುತ್ತದೆ, ಬಾಡಿದ ಎಲೆಯನ್ನು ಬಳ್ಳಿಯ ಬುಡಕ್ಕೆ ಹಾಕಿ ಹೊಸದೊಂದನ್ನು ಕಿತ್ತುಕೊಳ್ಳುತ್ತದೆ. ಯಾರನ್ನೂ ಕೇಳುವುದಿಲ್ಲ.