ಮೀನಿನ ಕಣ್ಣು ಕಿತ್ತ ಕಾಗೆ

ಮಂಗಳೂರು ಬಂದರಿನ ಕಾಗೆಯೊಂದು ಹಡಗು ಹತ್ತಿ ವೆನಿಸ್ ನಗರ ನೋಡಲು ಹೋಯಿತು. ಸಂಜೆ ಅದೇ ಹಡಗಿನಲ್ಲಿ ವಾಪಸು ಹೊರಡಬೇಕು. ಹೊರಡುವಾಗ ಏನಾದರೂ ಗುರುತು ಒಯ್ಯಲೇಬೇಕು. ಇಲ್ಲದಿದ್ದರೆ "ಇವ ಮಲ್ಪೆಯನ್ನೂ ದಾಟಿಲ್ಲ" ಎಂದು ಆಡಿಕೊಳ್ಳುವ ಬಳಗ ಅದರದ್ದು.

ಹಳೆಯ ಚರ್ಚೊಂದರ ಗೋಡೆಯಲ್ಲಿ, ಗಾಜಿನ ಚೂರುಗಳನ್ನು ಜೋಡಿಸಿ ಮಾಡಿದ ದೊಡ್ಡ ಮೀನೊಂದು ಈಜುತ್ತಿತ್ತು. ಅದರ ಚಿನ್ನದ ಕಣ್ಣು ಫಳಫಳ ಹೊಳೆಯಿತು. ಕಾಗೆ ಹಿಂದೆಮುಂದೆ ನೋಡದೆ ಕುಕ್ಕಿ ಕಿತ್ತೇಬಿಟ್ಟಿತು.

"ಕಾಗೆರಾಯರೇ, ಏನು ಸಿಕ್ಕಿತು ನೋಡಿಕೊಳ್ಳಿ" ಎಂದಿತು ಗೋಡೆಯ ಮೇಲಿದ್ದ ಬಸವನಹುಳು.

ಕಾಗೆ ಚೂರನ್ನು ನೆಲಕ್ಕಿಟ್ಟು ನೋಡಿತು. ಅಯ್ಯೋ, ಒಡೆದ ಬಳೆಯ ತುಂಡು! ಇಂಥದ್ದು ಬಂದರಿನ ತಿಪ್ಪೆಯಲ್ಲಿ ಬುಟ್ಟಿಗಟ್ಟಲೆ ಉಂಟು. ತಲೆಯೆತ್ತಿದರೆ, ಆಗಷ್ಟೇ ಈಜುತ್ತಿದ್ದ ಮೀನು ಸಂತೆಯ ಒಣಮೀನಾಗಿತ್ತು.

"ತಪ್ಪಾಯಿತು ಮಾರಾಯ್ತಿ! ಮತ್ತೆ ಅಂಟಿಸಬಹುದಾ?"

"ನನ್ನ ಲೋಳೆ ಉಂಟು. ಆದರೆ ಅದು ಒಣಗುವ ತನಕ ನೀವು ಕೊಕ್ಕಿನಿಂದ ಒತ್ತಿ ಹಿಡಿಯಬೇಕು."

ಕಾಗೆ ಒತ್ತಿ ಹಿಡಿಯಿತು. ಅಷ್ಟರಲ್ಲಿ ಹಡಗು ಕೂಗಿತು. ರೆಕ್ಕೆ ಪಟಪಟಿಸಿತು, ಕೊಕ್ಕು ಮಾತ್ರ ಕದಲಲಿಲ್ಲ. ತನ್ನ ಕಣ್ಣಿಗೆ ತಾಗುವಷ್ಟು ಹತ್ತಿರದಲ್ಲಿ ನೀಲಿಯೊಳಗೆ ಹಸಿರು, ಹಸಿರೊಳಗೆ ಬಂಗಾರ! ಬೆಳಗಿನಿಂದ ಊರಿಡೀ ಹಾರಾಡಿದರೂ ಕಾಗೆ ಇಷ್ಟು ಚೆಂದ ನೋಡಿರಲಿಲ್ಲ.

ಕಣ್ಣು ಗಟ್ಟಿಯಾಗಿ ಕೂತಿತು. ಮೀನು ಮತ್ತೆ ಈಜಿತು. ಹಡಗು ಹೋಗಿಯಾಗಿತ್ತು.

"ಬರಿಗೊಕ್ಕಿನಲ್ಲಿ ಹೋದರೆ ನಿಮ್ಮವರು ನಂಬುತ್ತಾರಾ?" ಬಸವನಹುಳು ಕೇಳಿತು.

"ನಂಬದಿದ್ದರೆ ಅವರದ್ದೇ ನಷ್ಟ. ಮುಂದಿನ ಹಡಗು ಯಾವಾಗ?"

"ಹದಿನೈದು ದಿನ ಬಿಟ್ಟು."

"ಅಷ್ಟು ಬೇಗವಾ? ನಾನಿನ್ನೂ ಮೀನಿನ ಬಾಲವನ್ನೇ ನೋಡಿಲ್ಲ!"